ಬುರುಡೆಗೊಂದು ಸ್ಟ್ಯಾಂಡು

"ಮಾಮ, ಸರಿಯಾಗಿ ಮಧ್ಯಕ್ಕೇ ಕುಯ್ಯಿ. ಓರೆ ಆದ್ರೆ ಬುರುಡೆ ನಿಲ್ಲಾಕಿಲ್ಲ!"

ರಹಮತುಲ್ಲಾ ಗರಗಸವನ್ನು ಮರದ ಮೇಲೆ ಇಟ್ಟವರು ಮತ್ತೆ ಎತ್ತಿಕೊಂಡರು. ಅರಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಮರಗೆಲಸದ ಅಂಗಡಿ. ಮಗಳು ಮಹೇಕ್ ಮರದ ಹೊಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಗೆಳತಿ ಅರ್ಪಿತ ಮರದ ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಇದು ನೊಗ ಅಲ್ವಾ ಬೇಟಾ? ಒಳ್ಳೇ ಗಟ್ಟಿ ಮರ. ಮನೇಲಿ ಕೇಳಿದ್ದೀಯಾ?"

"ಅಪ್ಪ ಊ ಅಂದ್ರು ಮಾಮ. ಟ್ರಾಕ್ಟರ್ ಬಂದ್ಮ್ಯಾಲೆ ಇದ್ಯಾಕೆ?"

ಅರ್ಪಿತ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಪ್ಪ ಚಲುವರಾಜು ಟ್ರಾಕ್ಟರಿನ ಅಡಿ ಮಲಗಿ ಬೋಲ್ಟು ಬಿಗಿಯುತ್ತಿದ್ದಾಗ ಕೇಳಿದ್ದಳು. ಬೋಲ್ಟು ಬಿಗಿಯುವಾಗ ಅಪ್ಪ ಎಲ್ಲದಕ್ಕೂ 'ಊ' ಅನ್ನುತ್ತಾರೆ. ಅದು ಗೊತ್ತಿದ್ದೇ ಕೇಳಿದ್ದಳು. ನಿಜವಾಗಿ ಕೇಳಬೇಕಾಗಿದ್ದದ್ದು ತಾತನನ್ನು. ತಾತ ನಾಗಮಂಗಲದ ಅತ್ತೆ ಮನೆಗೆ ಹೋಗಿದ್ದರು.

ಗರಗಸ ಓಡಿತು. ನೊಗ ಎರಡು ತುಂಡಾಯಿತು.

ಇಷ್ಟೆಲ್ಲ ಯಾಕೆ ಅಂದರೆ, ಅರ್ಪಿತಳಿಗೆ ಒಂದು ಬುರುಡೆ ಸಿಕ್ಕಿತ್ತು. ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತಿದ್ದುದರಿಂದ ಅಪ್ಪ, ತಾತ ಊರಲ್ಲಿಲ್ಲದಾಗ, ಬದುವಿನ ಪಕ್ಕ ಕಾಲುವೆ ತೋಡಿಸಿದ್ದರು. ಆಗ ಮಣ್ಣಿನ ಜೊತೆ ಮೇಲೆ ಬಂದದ್ದು ಅದು. ನೋಡಲು ಎತ್ತಿನ ತಲೆಯ ಹಾಗೇ ಇತ್ತು. ಆದರೆ ಮೈಯೆಲ್ಲ ಸುಣ್ಣದ ಹರಳು ಮೆತ್ತಿಕೊಂಡು ಕಲ್ಲಿನಂತಾಗಿತ್ತು. ತಟ್ಟಿದರೆ ಟಣ್ ಅನ್ನುತ್ತಿತ್ತು.

ಬಬಲ್‌ಗಮ್ ಜೊತೆ ಬರುವ ಡೈನೋಸಾರ್ ಸ್ಟಿಕ್ಕರುಗಳನ್ನು ಕಂಪಾಸ್ ಬಾಕ್ಸಿನ ತುಂಬ ಅಂಟಿಸಿಕೊಂಡಿದ್ದ ಹುಡುಗಿಗೆ ಇನ್ನೇನು ಬೇಕು?

"ಮೂಳೆ ಕಲ್ಲಾದ್ರೆ ಫಾಸಿಲ್ ಅಂತ ನೀವೇ ಏಳಿದ್ರಿ ಮಿಸ್!"

ಯಶೋದಮ್ಮ ಮಿಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದರು. "ಇದ್ರೂ ಇರಬಹುದು. ಶ್ರೀರಂಗಪಟ್ಟಣದ ಸೈನ್ಸ್ ಎಕ್ಸಿಬಿಷನ್ನಿಗೆ ತಿಳಿದವರು ಬರ್ತಾರೆ, ತೋರಿಸೋಣ. ಆದರೆ ಹಿಂಗೆ ಉರುಳಾಡ್ತಾ ಇದ್ದರೆ ಆಗಲ್ಲ. ಒಂದು ಸ್ಟ್ಯಾಂಡ್ ಮಾಡ್ಕೊಂಡು ಬಾ." ಇಡೀ ಶಾಲೆಯಿಂದ ಆಯ್ಕೆಯಾದದ್ದು ಅದೊಂದೇ.

ಮೂಳೆ ಮನೆಯೊಳಗೆ ತರಕೂಡದು ಎಂದು ಅವ್ವ ಗುಡುಗಿದ್ದರಿಂದ ಬುರುಡೆ ಕೊಟ್ಟಿಗೆಯಲ್ಲಿತ್ತು. ಅಲ್ಲೇ ಗೆಳತಿಯರಿಬ್ಬರೂ ಸ್ಟ್ಯಾಂಡು ಕಟ್ಟಿದರು. ನೊಗದ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಹಗ್ಗದಿಂದ ಬಿಗಿದರು. ನೊಗದಲ್ಲಿ ಮೊದಲೇ ತೂತುಗಳಿದ್ದವು. ಅವಕ್ಕೆ ಗೂಟ ಹೊಡೆದು, ಗೂಟಗಳ ನಡುವೆ ಬುರುಡೆ ಕೂರಿಸಿ, ಅಲ್ಲಾಡದಂತೆ ಕಟ್ಟಿದರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಮಹೇಕ್ ಸ್ಕೆಚ್‌ಪೆನ್ನಿನಲ್ಲಿ ಚೀಟಿ ಬರೆದಳು. 'ಲಕ್ಷ ವರ್ಷದ ಹಿಂದಿನ ಎತ್ತು. ಹುಡುಕಿದವರು: ಅರ್ಪಿತ, ಐದನೇ ತರಗತಿ.'

"ಪ್ರೈಜು ನಮ್ಗೇ ಕಣೇ," ಅಂದಳು.

ಆ ಸಂಜೆ ಬಸ್ಸಿಗೆ ತಾತ ಚೌಡಯ್ಯ ಬಂದರು. ಮೋಡ ಕವಿದು ಬೇಗ ಕತ್ತಲಾಗುತ್ತಿತ್ತು. ಅರ್ಪಿತ ಕಾಲು ತೊಳೆಯಲೂ ಬಿಡದೆ ಅವರನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು.

"ನೋಡು ತಾತ! ಲಕ್ಷ ವರ್ಷದ್ದು!"

ತಾತ ನಗಲಿಲ್ಲ. ಬಗ್ಗಿ ಎಡಗೊಂಬಿನ ಬುಡ ಮುಟ್ಟಿದರು. ಅಲ್ಲಿ ಕೊಂಬು ಮುರಿದ ಕಡೆ ಒಂದು ಗುಳಿ ಇತ್ತು. ತಾತ ನೋಡದೆಯೇ ಅವರ ಬೆರಳು ಆ ಗುಳಿಗೇ ಹೋಗಿ ಕೂತಿತು.

"ಮುತ್ತ," ಅಂದರು.

"ಮುತ್ತ ಅಲ್ಲ ತಾತ, ಫಾಸಿಲ್."

"ನಮ್ ಎತ್ತು ಮುತ್ತ ಕಣವ್ವ. ನೀನಿನ್ನೂ ಉಟ್ಟಿರ್ಲಿಲ್ಲ. ಪಾಂಡವಪುರಕ್ಕೆ ಕಬ್ಬು ತುಂಬ್ಕಂಡ್ ಓಯ್ತಿದ್ದಾಗ ಏರಿ ಮ್ಯಾಲೆ ಗಾಡಿ ಮಗುಚ್ಕತ್ತು. ನಾನು ಅಡೀಲ್ ಸಿಕ್ಕಾಕ್ಕಂಡೆ. ಜೊತೆ ಎತ್ತು ಬೆದ್ರಿ ಕಿತ್ಕಂಡ್ ಓಯ್ತು. ಮುತ್ತನ್ ಕೊಂಬು ಮುರುದು ರಕ್ತ ಸುರೀತಿತ್ತು. ಆದ್ರೂ ಮಂಡಿ ಊರ್ಕಂಡು ನೊಗ ಎತ್ತಿಡ್ಕಂಡೇ ಇತ್ತು, ಜನ ಬಂದು ನನ್ನ ಎಳ್ಕಳಗಂಟ."

ತಾತ ಬುರುಡೆಯ ಅಡಿಯ ಮರ ನೋಡಿದರು. ಕುಯ್ದ ತುದಿಯನ್ನು ಅಂಗೈಯಿಂದ ಸವರಿದರು.

"ಇದು ಅಟ್ಟದ್ ಮ್ಯಾಲಿತ್ತಲ್ಲ, ಆ ನೊಗ ಅಲ್ವ?"

ಅರ್ಪಿತ ಹೌದೆಂದು ತಲೆ ಆಡಿಸಿದಳು.

"ಸತ್ತಾಗ ಮೂಗುದಾರ ನಾನೇ ಬಿಚ್ದೆ. ಕತ್ತಿನ್ ಅಗ್ಗಾನೂ ಬಿಚ್ದೆ. ದುಡ್ದಿದ್ದು ಸಾಕು, ಬರೀ ಮೈಯಲ್ಲಿ ಓಗಪ್ಪ ಅಂತ ಏಳಿ ಮಣ್ ಮಾಡ್ದೊ. ಆಲು ತುಪ್ಪ ಬುಟ್ಟೊ. ಅಂಗೇ ಕಳುಸ್ಬೇಕು ಎತ್ತ. ಈ ನೊಗಾನ ಇನ್ನೊಂದ್ ಎತ್ತಿನ್ ಎಗಲಿಗೆ ಆಕ್ಲಿಲ್ಲ." ತಾತ ಬುರುಡೆಗೆ ಬಿಗಿದ ಹಗ್ಗ ಮುಟ್ಟಿದರು. ಮೆಲ್ಲಗೆ ಅಂದರು, "ನೀನು ಮುತ್ತನ್ನ ಮತ್ತೆ ಅದೇ ನೊಗುಕ್ಕೇ ಕಟ್ಬುಟ್ಯಲ್ಲವ್ವ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಾತ ಬೈಯಲಿಲ್ಲ. ಹಸಿವಿಲ್ಲ ಎಂದು ಮುದ್ದೆ ಮುಟ್ಟದೆ ಎದ್ದರು. ಅರ್ಪಿತಳೂ ತಟ್ಟೆ ಸರಿಸಿದಳು. ನೊಗವನ್ನು ಇನ್ನು ಯಾವ ಅಂಟು ಹಾಕಿದರೂ ಕೂಡಿಸಲು ಆಗದು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಗ್ಗೆ ಅವಳು ಸ್ಕೂಲ್ ಬ್ಯಾಗು ಹಿಡಿದು ಜಗುಲಿಯಲ್ಲಿ ನಿಂತಿದ್ದಾಗ ತಾತನೇ ಹೇಳಿದರು. "ತಗಂಡೋಗು ಮಗ. ಮಿಸ್ಸಿಗೆ ಮಾತು ಕೊಟ್ಟಿದೀಯ. ಆಮ್ಯಾಕೆ ಮಣ್ ಮಾಡ್ದ್ರಾಯ್ತು."

ಅಷ್ಟರಲ್ಲಿ ಮಹೇಕ್ ಸುತ್ತಿದ ಚಾರ್ಟ್ ಕಂಕುಳಲ್ಲಿ ಇಟ್ಟುಕೊಂಡು ಓಡಿ ಬಂದಳು. "ಬೇಗ ಬಾರೇ! ಮಿಸ್ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾವ್ರೆ!"

ಅರ್ಪಿತ ಕೊಟ್ಟಿಗೆಯ ಕಡೆ ನೋಡಿದಳು. ಮೋಡದ ಮಂಕು ಬೆಳಕಿನಲ್ಲಿ ಮುತ್ತ ಗೂಟಗಳ ನಡುವೆ ಕಟ್ಟಿಸಿಕೊಂಡು ಕೂತಿತ್ತು.

"ನಾನ್ ಬರಾಕಿಲ್ಲ ಮಹೇಕ್. ಅದು ಫಾಸಿಲ್ ಅಲ್ಲ. ನಮ್ ತಾತನ್ ಎತ್ತು."

"ಏನು? ನಾನು ಚಾರ್ಟ್ ಬರ್ದಿದ್ದೀನಲ್ಲೇ! ಮೂರು ಕಲರ್ ಖಾಲಿ ಆಯ್ತು!" ಮಹೇಕಳ ಕಣ್ಣು ತುಂಬಿತು. ಅರ್ಪಿತ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಮಹೇಕ್ ಚಾರ್ಟನ್ನು ಕೆಳಗಿಳಿಸಿದಳು. "ಯಾ ಅಲ್ಲಾ... ನೊಗ ಕುಯ್ದಿದ್ದು ನಮ್ಮಬ್ಬಾನೇ."

"ಕುಯ್ಸಿದ್ದು ನಾನು ಕಣೇ."

ಮಿಸ್ಸಿಗೆ ಹೇಳುತ್ತೇನೆ ಎಂದು ಮಹೇಕ್ ಒಬ್ಬಳೇ ಹೊರಟಳು. ಹೋಗುವಾಗ ಓಡಲಿಲ್ಲ.

ತಾತ, ಮೊಮ್ಮಗಳು ಸ್ಟ್ಯಾಂಡನ್ನು ಇಬ್ಬರೂ ಹಿಡಿದುಕೊಂಡು ಗದ್ದೆಗೆ ಹೋದರು. ಹಳೆಯ ಜಾಗ ಈಗ ಕಾಲುವೆಯಾಗಿತ್ತು. ತಾತ ಬದುವಿನ ಆಚೆ ಒಣನೆಲ ನೋಡಿ ಗುಂಡಿ ತೋಡಿದರು. ಅರ್ಪಿತ ಚೀಟಿ ಹರಿದಳು. ಹಗ್ಗ ಬಿಚ್ಚಿದಳು. ತಾನೇ ಹಾಕಿದ ಗಂಟು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ತಾತ ಸಹಾಯಕ್ಕೆ ಬರಲಿಲ್ಲ. ಗೂಟ ಕಿತ್ತು, ಬುರುಡೆಯನ್ನು ಎರಡು ಕೈಯಲ್ಲೂ ಎತ್ತಿ ತಾತನಿಗೆ ಕೊಟ್ಟಳು. ಅವರು ಅದನ್ನು ಗುಂಡಿಯಲ್ಲಿ ಮಲಗಿಸಿದರು.

ಕುಯ್ದ ನೊಗವೂ ಮುತ್ತನ ಜೊತೆಗೇ ಇರಲಿ ಎಂದು ಅವಳು ಒಂದು ತುಂಡನ್ನು ಗುಂಡಿಯ ಅಂಚಿಗೆ ತಂದಳು. ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಅವಳ ಕೈ ನಿಂತಿತು. 'ಬರೀ ಮೈಯಲ್ಲಿ ಓಗಪ್ಪ' ಎಂದ ತಾತನ ಮಾತು ನೆನಪಾಗಿ ಅದನ್ನು ಹಿಂದಕ್ಕೆ ಎಳೆದುಕೊಂಡಳು.

ತಾತ ಅವಳ ಮುಖ ನೋಡಿದರು. ಮಣ್ಣು ಎಳೆದರು.

"ಓಗಪ್ಪ ಮುತ್ತ," ಅಂದಳು ಅರ್ಪಿತ.

ವಾಪಸು ಬರುವಾಗ ಅರ್ಧ ನೊಗ ತಾತನ ಹೆಗಲ ಮೇಲಿತ್ತು, ಇನ್ನರ್ಧ ಅವಳ ಹೆಗಲ ಮೇಲೆ. ಸ್ವಲ್ಪ ದೂರಕ್ಕೇ ಮರ ಒತ್ತಿ ಚರ್ಮ ಉರಿಯತೊಡಗಿತು.

"ಕೊಡವ್ವ, ಅದ್ನೂ ನಾನೇ ತತ್ತೀನಿ."

"ಬ್ಯಾಡ ತಾತ."

ತಾತ ಹೆಜ್ಜೆ ಸಣ್ಣದು ಮಾಡಿದರು. ಅವಳು ಹೆಗಲು ಬದಲಿಸದೆ, ಅವರ ಪಕ್ಕದಲ್ಲೇ ನಡೆದಳು.