ಶನಿವಾರ ಮಾತ್ರ ಬರುವ ಚಿತ್ರ

ಸೋಮವಾರ ಸಂಜೆ ರೈಲಿ ಅಪರಾಧಿಯನ್ನು ಸಾಕ್ಷಿ ಸಮೇತ ಹಿಡಿದಳು.

ಧಾರಾವಾಹಿ ನೋಡಲೆಂದು ಅವಳು ಟಿವಿ ಹಾಕಿದ್ದಳು. ನೀಲಿ ಪರದೆ ಬಂತು. ನಡುವೆ ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೆಳಗೆ ಒಂದೇ ಸಾಲು: ಸಂಪರ್ಕವಿಲ್ಲ. ರೈಲಿ ತಮ್ಮನ ಮನೆಯ ಕಡೆಗೆ ಒಮ್ಮೆ ಜೋರಾಗಿ ಕೂಗಿದಳು. ಆಮೇಲೆ ಚಪ್ಪಲಿಯಲ್ಲೇ ಹೊರಗೆ ಬಂದು, ಕರಗುತ್ತಿದ್ದ ಹಿಮ ತುಳಿದುಕೊಂಡು ಮನೆಯ ಇನ್ನೊಂದು ಬದಿಗೆ ಹೋಗಿ ಕಿಟಕಿಯಲ್ಲಿ ಇಣುಕಿದಳು.

ಹಜಾರದಲ್ಲಿ ತಮ್ಮನ ಜೊತೆಗಾತಿ ನಿಂತಿದ್ದಳು. ಅವಳ ಕೈಯಲ್ಲಿ ರೌಟರಿನ ವಯರು. ರೌಟರಿನ ದೀಪಗಳೆಲ್ಲ ಆರಿದ್ದವು.

ರೈಲಿ ಒಳಗೆ ಬಂದು ಪೊಲೀಸರಿಗೆ ಫೋನ್ ಮಾಡಿದಳು.

* * *

ಹಿರಿಯ ಕಾನ್‌ಸ್ಟೇಬಲ್ ಕೈಸು ಪಾರ್ತನೆನ್ ಬಂದದ್ದು ಗುರುವಾರ. ಟಿವಿಯ ದೂರಿಗೆ ಪೊಲೀಸರು ಓಡಿ ಬರುವುದಿಲ್ಲ. ಆದರೆ ರೈಲಿ ದಿನವೂ ಫೋನ್ ಮಾಡಿದ್ದಳು. ಬೇರೆಯವರ ನೆಟ್ ಸಂಪರ್ಕ ಬೇಕೆಂದೇ ಕೆಡಿಸುವುದು ಕಾನೂನಿನಲ್ಲಿ ಅಪರಾಧ ಎಂದು ಠಾಣೆಗೇ ಪಾಠ ಹೇಳಿದ್ದಳು.

"ಪೊಲೀಸಾದ್ರೇನು, ಬೂಟು ಬಿಚ್ಚಿಟ್ಟು ಬಾ," ಎಂದಳು ರೈಲಿ.

ಕೈಸು ಬಿಚ್ಚಿದಳು. ಶಾಲೆಯಲ್ಲಿ ಓದುವಾಗ ಗುರುವಾರ ಗುರುವಾರ ಇದೇ ರೈಲಿಯ ಕೈಯ ಬಟಾಣಿ ಸೂಪು ಕುಡಿದವಳು ಅವಳು. ರೈಲಿ ಶಾಲೆಯ ಅಡುಗೆಯವಳಾಗಿದ್ದಳು. ನಿವೃತ್ತಳಾದರೂ ಮಾತಿನಲ್ಲಿ ಸೌಟು ಇತ್ತು.

"ಮೊದಲಿಂದ ಹೇಳಿ."

"ಆಗಸ್ಟ್ ಕೊನೇಲಿ ಟಿವಿ ತಗೊಂಡೆ. ಅಂಗಡೀಲಿದ್ದದ್ರಲ್ಲೇ ಅಗ್ಗದ್ದು. ಚೆನ್ನಾಗೇ ಬರ್ತಿತ್ತು. ಸೆಪ್ಟೆಂಬರಲ್ಲಿ ಆ ಹೆಂಗಸು ಬಂದ್ಲು. ಅಲ್ಲಿಂದ ಹಾಳಾಯ್ತು."

"ಒಂದು ದಿನಾನೂ ಬರಲ್ವಾ?"

"ಬರುತ್ತೆ. ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನದವರೆಗೆ." ರೈಲಿ ಮುಂದೆ ಬಾಗಿದಳು. "ನನ್ನ ತಮ್ಮ ವೆಯ್ಕೊ ಲಾರಿ ಓಡಿಸ್ತಾನೆ, ವಾರವೆಲ್ಲ ಹೊರಗಿರ್ತಾನೆ. ಮನೇಲಿ ಅವಳೊಬ್ಳೇ. ಶನಿವಾರ ಅವನು ಮನೇಲಿರ್ತಾನೆ. ಆವಾಗ ಅವಳಿಗೆ ಧೈರ್ಯ ಇಲ್ಲ. ಪೊಲೀಸು ನೀನು. ಲೆಕ್ಕ ಹಾಕು."

ಕೈಸು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಅದೇ ಅವಳಿಗೆ ಹಿಡಿಸಲಿಲ್ಲ.

"ಭಾನುವಾರ ಸಂಜೆ? ಆಗಲೂ ವೆಯ್ಕೊ ಇರ್ತಾನಲ್ಲ?"

"ಊಟ ಆದ್ಮೇಲೆ ಮಲಗ್ತಾನೆ," ಎಂದಳು ರೈಲಿ ತಟ್ಟನೆ.

* * *

ಅದು ಅವಳಿ ಮನೆ. ರೈಲಿಯ ತಂದೆ ಕಟ್ಟಿದ್ದು. ಒಂದೇ ಸೂರು, ಎರಡು ಸಂಸಾರ. ನಡುವೆ ಈ ಕಡೆಯಿಂದ ಆ ಕಡೆಗೆ ದಪ್ಪ ಕಾಂಕ್ರೀಟ್ ಗೋಡೆ. ಆ ಗೋಡೆ ತುಂಡಾಗುವುದು ಒಂದೇ ಕಡೆ, ಸೌನಾ ಇರುವಲ್ಲಿ. ಕಟ್ಟಿಗೆಯ ಒಲೆ, ಅದರ ಮೇಲೆ ಕಲ್ಲುಗಳು, ಕೂರಲು ಮರದ ಮೆಟ್ಟಿಲುಗಳು. ಉಗಿಸ್ನಾನದ ಆ ಕೋಣೆ ಎರಡೂ ಮನೆಗೆ ಸೇರಿದ್ದು. ರೈಲಿಯ ಕಡೆಗೊಂದು ಬಾಗಿಲು, ವೆಯ್ಕೊನ ಕಡೆಗೊಂದು ಬಾಗಿಲು. ಶನಿವಾರ ಮೊದಲು ರೈಲಿ ಮೀಯುತ್ತಾಳೆ, ಆಮೇಲೆ ಆ ಕಡೆಯವರು. ನೆಟ್ ಸಂಪರ್ಕವೂ ಎರಡು ಮನೆಗೆ ಒಂದೇ. ರೌಟರ್ ವೆಯ್ಕೊನ ಹಜಾರದಲ್ಲಿದೆ.

ಕೈಸು ಆ ಕಡೆಗೆ ಹೋದಳು. ಬಾಗಿಲು ತೆರೆದವಳು ತೀಯು. ಎಸ್ತೋನಿಯಾದವಳು. ಹಜಾರದಲ್ಲಿ ಅರ್ಧ ತುಂಬಿದ ಪ್ರಯಾಣದ ಚೀಲವಿತ್ತು.

"ಎಲ್ಲಿಗೆ?"

"ಊರಿಗೆ. ಭಾನುವಾರ ಸಂಜೆ ಬಸ್ಸು, ಆಮೇಲೆ ಹಡಗು."

"ತನಿಖೆ ನಡೀತಿದೆ."

"ಅದಕ್ಕೇ ಭಾನುವಾರದವರೆಗೆ ಇದ್ದೀನಿ. ಕಳ್ಳಿ ಅನ್ನಿಸ್ಕೊಂಡು ಒಂದೇ ಸೂರಿನ ಕೆಳಗೆ ಇರಕ್ಕಾಗಲ್ಲ. ನಾನಲ್ಲ ಅಂತ ನೀವು ತೋರಿಸಿದ್ರೆ ಯೋಚನೆ ಮಾಡ್ತೀನಿ. ಇಲ್ಲಾಂದ್ರೆ ಹೋದವಳು ಹೋದೆ."

"ವೆಯ್ಕೊ ಏನಂತಾನೆ?"

"ಏನೂ ಅನ್ನಲ್ಲ. ಫಿನ್ಲೆಂಡಿನ ಗಂಡಸು," ಎಂದಳು ತೀಯು. ಕೈಸುಗೆ ನಗು ಬಂತು. ತಡೆದುಕೊಂಡಳು.

"ಸೋಮವಾರ ವಯರು ಯಾಕೆ ಕಿತ್ತಿರಿ?"

"ಅವರೇ ಕೂಗಿದ್ರು, ನೆಟ್ ಇಲ್ಲ ಅಂತ. ಕಿತ್ತು, ಅರ್ಧ ನಿಮಿಷ ಬಿಟ್ಟು, ಮತ್ತೆ ಹಾಕು ಅಂತಾರಲ್ಲ. ಹಾಗೆ ಮಾಡ್ತಿದ್ದೆ. ಕಿಟಕೀಲಿ ಅವರ ಮುಖ ಕಾಣಿಸ್ತು."

ಇದೂ ನಂಬುವಂಥದ್ದೇ. ಕೈಸು ತಲೆ ಕೆರೆದುಕೊಂಡಳು.

ಅವಳು ತೀಯುವನ್ನು ರೈಲಿಯ ಮನೆಗೇ ಕರೆತಂದು ಕೂರಿಸಿದಳು. ಆ ಕಡೆ ಮನೆ ಖಾಲಿ. ರೌಟರಿನ ಹಸಿರು ದೀಪಗಳು ಉರಿಯುತ್ತಿರುವುದನ್ನು ತಾನೇ ನೋಡಿ ಬಂದಿದ್ದಳು. ಟಿವಿ ಹಾಕಿದಳು. ಚಕ್ರ ತಿರುಗಿತು. ಸಂಪರ್ಕವಿಲ್ಲ.

"ಇವರ ಕೈ ಎರಡೂ ಮೇಜಿನ ಮೇಲಿದೆ," ಎಂದಳು ಕೈಸು.

"ಈಗೆಲ್ಲ ಫೋನಲ್ಲೇ ಮಾಡ್ತಾರಂತೆ," ಎಂದಳು ರೈಲಿ.

ತೀಯು ತಾನಾಗಿಯೇ ಫೋನ್ ತೆಗೆದು ಕೈಸುವಿನ ಮುಂದಿಟ್ಟಳು. ಕೈಸು ನೋಡಿದಳು. ರೌಟರ್ ಮೇಲೆ ಹಿಡಿತ ಸಾಧಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅಂಗಡಿಗೆ ಫೋನ್ ಮಾಡಿದಳು. ಅಲ್ಲಿನ ಹುಡುಗಿ, ನೆಟ್‌ವರ್ಕ್ ಅಳಿಸಿ ಮತ್ತೆ ಸೇರಿಸಿ, ಪಾಸ್‌ವರ್ಡ್ ಮತ್ತೆ ಹಾಕಿ ಎಂದಳು. ಹಾಗೇ ಮಾಡಿದರು. ಬರಲಿಲ್ಲ. ಮೂವರೂ ಸೇರಿ ಟಿವಿಯನ್ನು ಹೊತ್ತು, ಹಿಮದಲ್ಲಿ ಜಾರುತ್ತ, ಮನೆ ಸುತ್ತಿ ವೆಯ್ಕೊನ ಹಜಾರಕ್ಕೆ ಒಯ್ದರು.

ಅಲ್ಲಿ ಚಿತ್ರ ತಕ್ಷಣ ಬಂತು.

"ನೋಡಿದ್ಯಾ? ಇವಳ ಮನೇಲಿ ಬರುತ್ತೆ!" ರೈಲಿಯ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಇನ್ನೇನು ಬೇಕು ನಿಂಗೆ?"

ಕೈಸುಗೆ ಏನು ಬೇಕೆಂದು ಗೊತ್ತಾಗಲಿಲ್ಲ.

* * *

ಶನಿವಾರ ಸಂಜೆ ಅವಳು ಮತ್ತೆ ಬಂದಳು, ಸಮವಸ್ತ್ರವಿಲ್ಲದೆ. ಎಲ್ಲರ ಸ್ನಾನ ಮುಗಿದಿತ್ತು. ಮನೆಯೊಳಗೆ, ಸೌನಾದಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಎಲೆಗಳ ವಾಸನೆ. ರೈಲಿಯ ಮುಖ ಕೆಂಪಾಗಿ ಹೊಳೆಯುತ್ತಿತ್ತು. ಟಿವಿಯಲ್ಲಿ ಧಾರಾವಾಹಿ ಚೆನ್ನಾಗಿ ಓಡುತ್ತಿತ್ತು.

"ಯಾವಾಗ ಬಂತು?"

"ಅವರ ಸ್ನಾನ ಮುಗಿದ ಮೇಲೆ. ಅಲ್ಲಿವರೆಗೆ ಇರಲಿಲ್ಲ."

"ಸ್ನಾನ ಮಾಡ್ತಾ ಮಾಡ್ತಾ ವಯರು ಕೀಳಕ್ಕಾಗುತ್ತಾ?"

"ಅದನ್ನ ಪತ್ತೆ ಮಾಡೋಕ್ಕೇ ನಿನಗೆ ಸಂಬಳ ಕೊಡೋದು."

ಕೈಸು ವೆಯ್ಕೊ ಮತ್ತು ತೀಯುವನ್ನು ಅಂಗಡಿಗೆ ಕಳಿಸಿದಳು. ಕಾರು ಹೋದ ಮೇಲೂ ಚಿತ್ರ ಬರುತ್ತಲೇ ಇತ್ತು. ಅವರು ತಿರುಗಿ ಬಂದರು. ಆಗಲೂ ಬರುತ್ತಿತ್ತು. ವೆಯ್ಕೊನನ್ನು ಒಬ್ಬನೇ ಕಟ್ಟಿಗೆ ಕೊಟ್ಟಿಗೆಗೆ ಕಳಿಸಿ, ತೀಯುವನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟಳು. ಆಗಲೂ ಬಂತು. ಅದೂ ನೆಟ್‌ಗೆ ಅಡ್ಡಿ ಮಾಡುತ್ತದೆಂದು ಕೇಳಿದ್ದರಿಂದ, ಆ ಕಡೆಯ ಮೈಕ್ರೋವೇವ್ ಒಲೆಯಲ್ಲಿ ಒಂದು ಲೋಟ ನೀರಿಟ್ಟು ಓಡಿಸಿ ನೋಡಿದಳು. ಚಿತ್ರ ಒಮ್ಮೆ ನಡುಗಿತು, ಮತ್ತೆ ಸರಿಹೋಯಿತು.

ತೀಯು ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಗುರುವಾರ ಅವಳು ಇದ್ದರೂ ಬರಲಿಲ್ಲ, ಇಲ್ಲದಿದ್ದರೂ ಬರಲಿಲ್ಲ. ಹಾಗಾದರೆ ಟಿವಿಗೆ ಬೇಕಾದದ್ದು ಮನುಷ್ಯರಲ್ಲ, ವಾರ. ಇವತ್ತು ಯಾವ ವಾರ ಎಂದು ಟಿವಿಗೆ ಹೇಗೆ ಗೊತ್ತಾಗುತ್ತದೆ?

ಕಾರಿನ ಹತ್ತಿರ ವೆಯ್ಕೊ ಬಂದು ನಿಂತ. ಬೂಟಿನ ತುದಿಯಿಂದ ಹಿಮ ಕೆದಕಿದ.

"ಅವಳು ಹೋಗ್ಬಾರ್ದು," ಎಂದ ಕೊನೆಗೆ.

"ಅದನ್ನ ನನಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು."

ವೆಯ್ಕೊ ತನ್ನ ಕೈಗಳನ್ನು ನೋಡಿಕೊಂಡ.

* * *

ಭಾನುವಾರ ಮಧ್ಯಾಹ್ನ ಕೈಸು ಎಲ್ಲರನ್ನೂ ರೈಲಿಯ ಮನೆಯಲ್ಲಿ ಸೇರಿಸಿದಳು. ರೈಲಿ ಎದುರು ಹೇಳಲಿಲ್ಲ. ಆದರೆ ಕಾಫಿಗೆ ಒಳ್ಳೆಯ ಲೋಟಗಳನ್ನು ತೆಗೆಯಲಿಲ್ಲ.

"ಬಸ್ಸಿಗೆ ಎಷ್ಟು ಹೊತ್ತಿದೆ?" ಎಂದಳು ಕೈಸು.

"ಎರಡು ಗಂಟೆ," ಎಂದಳು ತೀಯು. ಅವಳ ಚೀಲ ಈಗ ತುಂಬಿ, ಮುಂಬಾಗಿಲಲ್ಲಿತ್ತು.

"ಚಿತ್ರ ಯಾವ ಕ್ಷಣದಲ್ಲಿ ಹೋಗುತ್ತೆ ಅಂತ ನಾನು ನೋಡ್ಬೇಕು. ಅಲ್ಲಿವರೆಗೆ ಯಾರೂ ಏಳೋ ಹಾಗಿಲ್ಲ."

ಟಿವಿ ಓಡುತ್ತಿತ್ತು. ವೆಯ್ಕೊ ಸೋಫಾದ ಒಂದು ತುದಿಯಲ್ಲಿ, ತೀಯು ಇನ್ನೊಂದು ತುದಿಯಲ್ಲಿ. ಕಾಫಿ ಮುಗಿಯಿತು.

"ಏಲಕ್ಕಿ ಬನ್ನು ಮರೆತೇಬಿಟ್ಟೆ," ಎಂದು ರೈಲಿ ಎದ್ದಳು. "ಪೊಲೀಸಿಗೂ ಹೊಟ್ಟೆ ಇರುತ್ತಲ್ಲ."

ಕೈಸು ಹೂಂ ಎಂದಳು. ಅವಳ ಕಣ್ಣು ತೀಯುವಿನ ಕೈಯ ಮೇಲಿತ್ತು.

ಅಡುಗೆಮನೆಯಲ್ಲಿ ತಟ್ಟೆಯ ಸದ್ದು. ಹೆಜ್ಜೆಯ ಸದ್ದು. ಎಲ್ಲೋ ಏನೋ ಟಕ್ಕೆಂದಿತು.

ಚಿತ್ರ ನಿಂತಿತು. ನಟಿಯ ಬಾಯಿ ಅರ್ಧ ತೆರೆದೇ ಉಳಿಯಿತು. ಆಮೇಲೆ ಚಕ್ರ, ಆಮೇಲೆ ನೀಲಿ ಪರದೆ.

ಸೋಫಾದಲ್ಲಿದ್ದ ಇಬ್ಬರೂ ಅಲುಗಿರಲಿಲ್ಲ. ರೈಲಿ ಬನ್ನಿನ ತಟ್ಟೆ ಹಿಡಿದು ಬಂದಳು.

"ನೋಡು! ಹೇಳ್ಲಿಲ್ವಾ ನಾನು?"

"ಕೋಣೆಯಿಂದ ಎದ್ದು ಹೋದವರು ಒಬ್ಬರೇ," ಎಂದಳು ಕೈಸು ಮೆಲ್ಲಗೆ. "ಎಲ್ಲಿಗೆ ಹೋಗಿದ್ರಿ?"

"ಬನ್ನು ತರಕ್ಕೆ. ಕಣ್ಣಿಲ್ವಾ?"

"ಇನ್ನೇನು ಮಾಡಿದ್ರಿ?"

"ಏನೂ ಇಲ್ಲ. ಬರ್ತಾ ಸೌನಾ ಒಣಗಿದೆಯಾ ನೋಡ್ದೆ. ಒಣಗಿತ್ತು. ಬಾಗಿಲು ಹಾಕ್ದೆ."

ಕೈಸು ಎದ್ದಳು. ಹಜಾರದ ತುದಿಗೆ ಹೋಗಿ ಸೌನಾದ ಬಾಗಿಲ ಚಿಲಕ ತೆಗೆದು ಅಗಲವಾಗಿ ತೆರೆದಳು. ನೇರ ಎದುರಿಗೆ ಆ ಕಡೆಯ ಬಾಗಿಲು ತೆರೆದೇ ಇತ್ತು. ಅದರಾಚೆ ವೆಯ್ಕೊನ ಹಜಾರ, ಕಪಾಟಿನ ಮೇಲೆ ಹಸಿರು ದೀಪಗಳು.

ಅವಳ ಬೆನ್ನ ಹಿಂದೆ, ಟಿವಿಯಿಂದ ನಟಿಯ ಮಾತು ಕೇಳಿಸಿತು.

ಬಾಗಿಲು ಹಾಕಿದಳು. ಮಾತು ಸ್ವಲ್ಪ ಹೊತ್ತು ಎಳೆದು, ನಿಂತಿತು. ತೆರೆದಳು. ಬಂತು.

* * *

"ವೆಯ್ಕೊ, ಈ ಸೌನಾ ಯಾವಾಗ ಹೊಸದು ಮಾಡ್ದೆ?"

"ಆಗಸ್ಟಲ್ಲಿ. ತೀಯು ಬರ್ತಾಳೆ ಅಂತ." ವೆಯ್ಕೊನಿಗೆ ಆಗಲೇ ಅರ್ಥವಾಗಿತ್ತು. "ಸುತ್ತ ಅಲ್ಯೂಮಿನಿಯಂ ಹಾಳೆ ಹೊಡ್ದೆ. ಅದರ ಮೇಲೆ ಹಲಗೆ. ಬಿಸಿ ಸೋರ್ತಿತ್ತಲ್ಲ, ಬಾಗಿಲುಗಳ ಒಳಗೂ ಹಾಳೆ ಇಟ್ಟೆ."

"ವೈಫೈ ಅಂದ್ರೆ ರೇಡಿಯೋ ಅಲೆ," ಎಂದಳು ಕೈಸು. "ಮರ ದಾಟುತ್ತೆ. ಲೋಹದ ಹಾಳೆ ದಾಟಲ್ಲ. ನಿಮ್ಮಪ್ಪನ ಕಾಂಕ್ರೀಟ್ ದಾಟಿ ಬರೋ ಅಲೆ ಈ ಅಗ್ಗದ ಟಿವಿಗೆ ಸಾಲಲ್ಲ, ಇದರೊಳಗಿನ ಆಂಟೆನಾಗೆ ಅಷ್ಟು ಶಕ್ತಿ ಇಲ್ಲ. ಅಲೆ ಬರೋಕೆ ಉಳಿದಿರೋದು ಒಂದೇ ದಾರಿ. ಆ ಬಾಗಿಲು, ಸೌನಾ, ಈ ಬಾಗಿಲು. ಎರಡೂ ತೆರೆದಿದ್ರೆ ಚಿತ್ರ. ಒಂದು ಮುಚ್ಚಿದ್ರೂ ಇಲ್ಲ. ಶನಿವಾರ ಸ್ನಾನ ಮುಗಿಯೋವರೆಗೆ ಬಾಗಿಲು ಮುಚ್ಚಿರುತ್ತೆ, ಚಿತ್ರ ಇಲ್ಲ. ಮುಗಿದ ಮೇಲೆ ಒಣಗಲಿ ಅಂತ ತೆರೀತೀರಿ, ಚಿತ್ರ ಬರುತ್ತೆ. ಎಷ್ಟೇ ಕೋಪ ಇದ್ರೂ ಒದ್ದೆ ಸೌನಾದ ಬಾಗಿಲು ಯಾರು ಮುಚ್ತಾರೆ? ಭಾನುವಾರ ಒಣಗಿದ ಮೇಲೆ ನೀವೇ ಚಿಲಕ ಹಾಕ್ತೀರಿ. ಟಿವಿಗೆ ವಾರ ಗೊತ್ತಾಗ್ತಿದ್ದದ್ದು ಹಾಗೆ."

ರೈಲಿ ತಟ್ಟೆಯನ್ನು ಇನ್ನೂ ಹಿಡಿದುಕೊಂಡೇ ಇದ್ದಳು.

"ಗುರುವಾರ ಟಿವಿ ಹೊತ್ತುಕೊಂಡು ಮನೆ ಸುತ್ತಿದ್ವಿ," ಎಂದಳು ಕೈಸು. "ಸೌನಾದಲ್ಲಿ ಹಾದುಹೋಗೋಣ ಅಂತ ನೀವು ಹೇಳ್ಲಿಲ್ಲ. ನನಗೂ ಹೊಳೀಲಿಲ್ಲ. ಆ ಬಾಗಿಲು ಮುಂಚೆಯಿಂದಲೂ ಮುಚ್ಚಿರ್ತಿತ್ತಾ?"

ಉತ್ತರ ಕೊಟ್ಟವನು ವೆಯ್ಕೊ. "ಇಲ್ಲ. ನಾವು ಸಣ್ಣವರಿದ್ದಾಗಿಂದ ವಾರವೆಲ್ಲ ತೆರೆದೇ ಇರ್ತಿತ್ತು. ಉಪ್ಪು ಬೇಕಾದ್ರೆ ಅಲ್ಲಿಂದಾನೇ ಕೂಗ್ತಿದ್ವಿ."

"ಸೆಪ್ಟೆಂಬರಿಂದ ಮುಚ್ಚಿದ್ದು ಯಾಕೆ ರೈಲಿ ಅವರೇ?"

ರೈಲಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಪಾತ್ರೆ ತೊಳೀತಾ ಹಾಡ್ತಾಳೆ," ಎಂದಳು ರೈಲಿ. ಮಾತಿನಲ್ಲಿ ಈಗ ಸೌಟು ಇರಲಿಲ್ಲ. "ಇಲ್ಲಿಗೆ ಕೇಳಿಸುತ್ತೆ. ಆ ಕಡೆ ಇಬ್ಬರು. ಈ ಕಡೆ ನಾನು ಒಬ್ಬಳು ಕೂತು ಕೇಳ್ಬೇಕು. ಅದಕ್ಕೇ ಮುಚ್ಚಿದೆ."

ಕೈಸು ಜೇಬಿನಿಂದ ದೂರಿನ ಕಾಗದ ತೆಗೆದಳು.

"ದೂರಿನಲ್ಲಿ ಆರೋಪಿ ಹೆಸರು ಬದಲಾಯಿಸ್ಬೇಕು," ಎಂದಳು ಕೈಸು.

"ಹರಿದು ಹಾಕು ಅದನ್ನ."

* * *

ಬಸ್ಸಿನ ಹೊತ್ತಾಯಿತು. ತೀಯು ಬೂಟು ಹಾಕಿಕೊಂಡಳು. ವೆಯ್ಕೊ ಕಾರು ಹೊರಡಿಸಲು ಹೋದವನು ಕೀಲಿ ಮರೆತು ತಿರುಗಿ ಬಂದ, ಮತ್ತೆ ಹೋದ.

ರೈಲಿ ಕಾಲುಚೀಲದಲ್ಲೇ ಮೆಟ್ಟಿಲಿಗೆ ಬಂದಳು.

"ಈಗಲೂ ಹೋಗ್ಲೇಬೇಕಾ?"

"ಅಮ್ಮನಿಗೆ ಬರ್ತೀನಿ ಅಂದಿದ್ದೀನಿ. ಕಾಯ್ತಿರ್ತಾಳೆ."

"ಆಮೇಲೆ?"

ತೀಯು ಚೀಲದ ಪಟ್ಟಿ ಬಿಗಿ ಮಾಡಿದಳು.

"ತೀಯು," ಎಂದಳು ರೈಲಿ. ಆ ಹೆಸರನ್ನು ಅವಳು ಹೇಳಿದ್ದು ಅದೇ ಮೊದಲು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬಂತೆ ಒಂದು ಕ್ಷಣ ನಿಂತಳು. "ಶನಿವಾರ ಒಲೆಗೆ ನಾನೇ ಬೆಂಕಿ ಹಾಕ್ತೀನಿ. ನಾಲ್ಕಕ್ಕೆ ಬಿಸಿಯಾಗಿರುತ್ತೆ. ಹೆಂಗಸರ ಸರದಿ ಮೊದಲು."

"ಹೆಂಗಸರು ಅಂದ್ರೆ?"

"ನಾವಿಬ್ರು. ಇನ್ಯಾರಿದ್ದಾರೆ ಇಲ್ಲಿ?"

ಕೈಸು ತನ್ನ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ನೋಡದವಳಂತೆ ಬೇರೆ ಕಡೆ ತಿರುಗಿದಳು.

ತೀಯು ಚೀಲವನ್ನು ಹಿಮದ ಮೇಲಿಟ್ಟಳು. ಜಿಪ್ ಎಳೆದಳು. ಮೇಲಿದ್ದ ಬಟ್ಟೆಗಳನ್ನು ಸರಿಸಿ, ಅಡಿಯಿಂದ ತನ್ನ ದೊಡ್ಡ ಸ್ನಾನದ ಟವೆಲ್ಲನ್ನು ಹೊರಗೆ ಎಳೆದಳು. ಮಡಿಕೆ ಸರಿಮಾಡಿ ರೈಲಿಯ ಕೈಗೆ ಕೊಟ್ಟಳು.

"ಹಾಗಾದ್ರೆ ಇದು ಇಲ್ಲೇ ಇರ್ಲಿ," ಎಂದಳು.