ಒಂದೇ ಮೊರದ ಮಡಿಲಕ್ಕಿ

“ಅಕ್ಕತಂಗೀರಿಗೆ ಒಂದೇ ಮೊರದಾಗೆ ಮಡಿಲಕ್ಕಿ ತುಂಬಬಾರ್ದು ರಾಧಮ್ಮ. ಒಂದು ಒಡಲು ತುಂಬಿದ್ರೆ ಇನ್ನೊಂದು ಬತ್ತತೈತೆ,” ಎಂದಳು ಮುದುಕಿ ಕೆಂಚಕ್ಕ.

ನನ್ನಿವಾಳದ ಅರ್ಧ ಊರಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳು. ರಾಧಮ್ಮನ ಕಿರಿಮಗಳು ರೂಪಾಳನ್ನು ಭೂಮಿಗಿಳಿಸಿಕೊಂಡದ್ದೂ ಅವಳ ಕೈಗಳೇ. ಆದರೆ ದಾವಣಗೆರೆಯಲ್ಲಿ ನರ್ಸಿಂಗ್ ಓದಿ, ಹೊಸದಾಗಿ ಮದುವೆಯಾಗಿ, ಗಂಡನೂರು ಕೊಂಡ್ಲಹಳ್ಳಿಗೆ ಹೊರಟು ನಿಂತಿದ್ದ ರೂಪಾಳಿಗೆ ನಗು ತಡೆಯಲಾಗಲಿಲ್ಲ. ಬಸಿರು ನಿಲ್ಲದಿರಲು ಥೈರಾಯ್ಡ್ ಕಾರಣವಿರಬಹುದು, ಅಂಡಾಶಯದ ಗುಳ್ಳೆಗಳಿರಬಹುದು, ವಾಸಿಯಾಗದ ಸೋಂಕಿರಬಹುದು, ಎಷ್ಟೋ ಸಲ ಕೊರತೆ ಗಂಡಸಿನದೇ ಇರುತ್ತದೆ. ಮೊರದಲ್ಲಿ ಅಕ್ಕಿ ಬಿಟ್ಟರೆ ಬೇರೇನೂ ಇರುವುದಿಲ್ಲ ಎಂದು ಪಾಠ ಒಪ್ಪಿಸಿದಳು. ಪಕ್ಕದ ಮಣೆಯಲ್ಲಿ ಕೂತಿದ್ದ ಅಕ್ಕ ಜ್ಯೋತಿಲಕ್ಷ್ಮಿ, ಮದುವೆಯಾಗಿ ವರ್ಷಗಳೇ ಉರುಳಿದರೂ ಬಸಿರಾಗದವಳು, ತಲೆ ಎತ್ತಲಿಲ್ಲ.

“ತುಂಬವ್ವ, ನೋಡೇಬಿಡಾನ,” ಎಂದು ರೂಪ ತಾನೇ ಸೆರಗೊಡ್ಡಿದಳು.

ಅವ್ವ ಬೊಗಸೆ ತುಂಬ ಸುರಿದಳು. ಅಕ್ಕಿ ಪಾಳುಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅದರಿಂದ ಮುಗ್ಗಲು ವಾಸನೆ ಎದ್ದಿತು, ಅದರ ಅಡಿಯಲ್ಲೇ ಹೆರಿಗೆ ಕೋಣೆಯ ಹಸಿ ರಕ್ತದ ಕಮಟು. ಕೆಂಚಕ್ಕ ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದು ಹೋದಳು.

ಮುಂದಿನ ಅಮಾವಾಸ್ಯೆಗೇ ಶುರುವಾಯಿತು. ಸೊಂಟದ ಸುತ್ತ, ಚರ್ಮದ ಒಳಮೈಯಲ್ಲಿ, ಯಾರೋ ದಾರ ಬಿಗಿಯುತ್ತಿರುವಂಥ ನೋವು. ಮುಟ್ಟು ನಿಂತಿತು, ಬಸಿರಲ್ಲ. ಮುಗ್ಗಲು ವಾಸನೆ ಮೂಗಿನಲ್ಲೇ ಮನೆ ಮಾಡಿತು. ತಲೆಗೆ ನೀರು ಹಾಕಿಕೊಂಡರೂ ಹೋಗಲಿಲ್ಲ, ಲೋಬಾನ ಹಾಕಿದರೂ ಹೋಗಲಿಲ್ಲ. ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆ ಎಂದು ತಿರುಗಿ ರಕ್ತ ಕೊಟ್ಟಳು, ಸ್ಕ್ಯಾನ್ ಮಾಡಿಸಿದಳು. ಎಲ್ಲ ಸರಿಯಿತ್ತು. ಗಂಡ ಮುತ್ತುರಾಜ್ ಮುನಿಸಿಲ್ಲದೆ ತಾನೂ ಪರೀಕ್ಷೆಗೆ ಕೂತ. ಅವನದೂ ಸರಿಯಿತ್ತು. ಕೊಂಡ್ಲಹಳ್ಳಿಯ ಹೆಂಗಸರಿಗೆಲ್ಲ ಕಾರಣ ಹೇಳುತ್ತಿದ್ದವಳಿಗೆ ತನ್ನ ಕಾರಣ ಮಾತ್ರ ಸಿಗಲಿಲ್ಲ.

ಹೀಗಿರುವಾಗ ಅಕ್ಕ ಬಸಿರಾದಳೆಂಬ ಸುದ್ದಿ ಬಂತು. ರೂಪ ಸಂತೋಷದಿಂದ ಅತ್ತಳು. ದಿನವೂ ಫೋನು ಮಾಡಿ ಏನು ತಿನ್ನಬೇಕು, ಯಾವ ಮಾತ್ರೆ ಬಿಡಬಾರದು ಎಂದು ಹೇಳಿದಳು. ಏಳನೇ ತಿಂಗಳಲ್ಲಿ ತವರಿನಲ್ಲಿ ಕುಬಸದ ಶಾಸ್ತ್ರ ಇಟ್ಟುಕೊಂಡಾಗ ಅವ್ವ ಇವಳನ್ನು ಕರೆಯಲಿಲ್ಲ. ಮಕ್ಕಳಾಗದವಳು ಎದುರಿಗಿದ್ದರೆ ಬಂದವರು ಆಡಿಕೊಳ್ಳುತ್ತಾರೆ ಎಂದಳು. ಆ ಮಾತು ನುಂಗಲಾಗದೆ, ದೂರದಿಂದಾದರೂ ಅಕ್ಕನನ್ನು ನೋಡಿ ಬರೋಣವೆಂದು ರೂಪ ಮಧ್ಯಾಹ್ನದ ಬಸ್ಸು ಹತ್ತಿದಳು.

ಮುಂಬಾಗಿಲಲ್ಲಿ ಚಪ್ಪರ, ಹಾಡು. ಅವಳು ಹಿತ್ತಲಿನಿಂದ ಬಂದಳು. ಬಂದವಳ ಮೂಗಿಗೆ ಆ ವಾಸನೆ ರಪ್ಪನೆ ಬಡಿಯಿತು. ಹಗೇವಿನಿಂದ ಬರುತ್ತಿತ್ತು. ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಆಳದ ನೆಲಗುಂಡಿ ಅದು. ಅವಳು ಹುಟ್ಟುವ ಮೊದಲೇ ಮುಚ್ಚಿದ್ದು. ಈಗ ಬಾಯಿಗಲ್ಲಿನ ಸುತ್ತ ಹಸಿ ಕೆಮ್ಮಣ್ಣು ಮೆತ್ತಿತ್ತು. ಮೇಲೆ ಕುಂಕುಮ.

ಮಣ್ಣು ಕೆರೆದಳು. ಕಲ್ಲು ಸರಿಸಿದಳು. ಕೆಟ್ಟ ಗಾಳಿ ಹೋಗಲೆಂದು ಕಾದು, ಮೊಬೈಲಿನ ಬೆಳಕು ಹಚ್ಚಿ, ಗೋಡೆಯ ಗೂಡುಗಳಲ್ಲಿ ಕಾಲಿಟ್ಟು ಇಳಿದಳು. ಕತ್ತಲು ಬೆಚ್ಚಗಿತ್ತು. ಗೋಡೆ ಬೆವರುತ್ತಿತ್ತು. ಮೇಲಿನ ಹಾಡು ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು.

ತಳದಲ್ಲೊಂದು ಮಡಕೆ. ಅದರ ತುಂಬ ಕಪ್ಪಾದ ಅಕ್ಕಿ. ಅಕ್ಕಿಯೊಳಗೆ ಬಟ್ಟೆಯ ಬೊಂಬೆ, ಅದರ ಸೊಂಟಕ್ಕೆ ಗಂಟುಗಂಟಾಗಿ ಸುತ್ತಿದ ಕರಿದಾರ. ಬೊಂಬೆಯ ಹೊಟ್ಟೆಗೆ ಒಣಗಿದ ಬೇರಿನಂಥದ್ದೇನೋ ಕಟ್ಟಿತ್ತು. ನರ್ಸಿನ ಕಣ್ಣಿಗೆ ಅದು ಕೂಡಲೇ ತಿಳಿಯಿತು. ಕೂಸಿನ ಹೊಕ್ಕುಳಬಳ್ಳಿ. ಅದು ಮಿಡಿಯುತ್ತಿತ್ತು. ತನ್ನದೇ ನಾಡಿಯ ಬಡಿತಕ್ಕೆ ಸರಿಯಾಗಿ ಮಿಡಿಯುತ್ತಿತ್ತು.

ಅಂಥದ್ದನ್ನು ಇಷ್ಟು ವರ್ಷ ಜೋಪಾನ ಮಾಡುವವಳು ಹೆತ್ತವಳೊಬ್ಬಳೇ.

ಮೇಲಿನ ಬೆಳಕಿಗೆ ಒಂದು ತಲೆ ಅಡ್ಡ ಬಂತು.

“ಬಿಚ್ಚಬ್ಯಾಡ ರೂಪ. ಬಿಚ್ಚಿದ್ರೆ ಜ್ಯೋತಿ ಕೂಸು ಉಳಿಯಲ್ಲ.”

“ನೀನೇನವ್ವ?”

“ಅವಳ ಗಂಡ ಇನ್ನೊಂದು ಹೆಣ್ಣು ನೋಡಿದ್ದ. ನಿನಗೆ ಓದೈತೆ, ನೌಕರಿ ಐತೆ. ಅವಳಿಗೇನೈತೆ?”

“ನನ್ನ ಒಂದ್ಮಾತು ಕೇಳಬೋದಿತ್ತು.”

“ಕೇಳಿದ್ರೆ ನಗ್ತಿದ್ದೆ.” ಅವ್ವನ ಕಣ್ಣೀರು ಮೇಲಿನಿಂದ ಬಿದ್ದು ರೂಪಾಳ ಕೆನ್ನೆಗೆ ತಾಗಿತು. “ಜ್ಯೋತಿಗೆ ಇದೇನೂ ತಿಳೀದು ಕಣವ್ವ. ಅವಳ ಮ್ಯಾಲೆ ತೀರಿಸ್ಕೋಬ್ಯಾಡ.”

ರೂಪಾಳ ಉಗುರು ಆಗಲೇ ಗಂಟಿನಲ್ಲಿತ್ತು. ಒಂದು ಬಿಚ್ಚಿತು. ಸೊಂಟ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತು. ಇನ್ನೊಂದು ಬಿಚ್ಚಿತು. ತೊಡೆಯ ಮೇಲೆ ಬಿಸಿ ರಕ್ತ ಹರಿಯಿತು. ಮುಟ್ಟು. ತನ್ನದೇ ಮುಟ್ಟು. ಅವಳು ನಕ್ಕಳು.

ಮೇಲೆ ಹಾಡು ನಿಂತಿತು.

ಚೀರಾಟ. ಅಕ್ಕನದು. ಹೊಟ್ಟೆಯಲ್ಲಿರುವುದು ಜಾರುವಾಗ ಹೊರಡುವ ಚೀರು ಅದು. ಎಷ್ಟೋ ಸಲ ಕೇಳಿದ್ದಳು. ಕೈಯಲ್ಲಿದ್ದ ಬೊಂಬೆ ಒದ್ದೆಯಾಯಿತು. ಬೆರಳು ಕೆಂಪಾದವು. ಮತ್ತೆ ಚೀರು. ಕ್ಷೀಣ.

ಏನೂ ತಿಳಿಯದ ಅಕ್ಕ. ಏನೂ ತಿಳಿಯದ ಕೂಸು.

ಕಟ್ಟಿದಳು. ಹಲ್ಲು ಕಚ್ಚಿ ಕಟ್ಟಿದಳು. ದಾರ ಬೆರಳನ್ನು ಕೊಯ್ದಿತು. ಬಿಡಲಿಲ್ಲ. ಒಡಲಿನೊಳಗೆ ಏನೋ ಮುದುಡಿತು, ಕೆಂಡದ ಮೇಲೆ ಎಲೆ ಮುದುಡಿದ ಹಾಗೆ. ಗಂಟು ಕಣ್ಣೆದುರೇ ಕರಗಿ ಬೊಂಬೆಯ ಬಟ್ಟೆಯೊಳಗೆ ಇಳಿದುಹೋಯಿತು. ಇನ್ನು ಬಿಚ್ಚಲು ಗಂಟೇ ಇರಲಿಲ್ಲ.

ಅವ್ವ ಕೈ ಚಾಚಿದಳು. ರೂಪ ಆ ಕೈ ಹಿಡಿಯಲಿಲ್ಲ. ಗೂಡುಗಳಲ್ಲಿ ಕಾಲಿಟ್ಟು ತಾನೇ ಹತ್ತಿ ಬಂದಳು.

ಒಳಕೋಣೆಯಲ್ಲಿ ಜ್ಯೋತಿ ಚಾಪೆಯ ಮೇಲೆ ಬೆವತು ಮಲಗಿದ್ದಳು. ರೂಪ ಹೆಂಗಸರನ್ನು ಹೊರಗೆ ಕಳಿಸಿ, ಆಂಬ್ಯುಲೆನ್ಸಿಗೆ ಫೋನು ಮಾಡಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ರಕ್ತ ನಿಂತಿತ್ತು. ಕೂಸು ಒದೆಯಿತು. ಹೆದರಬೇಡ ಎಂದು ಹೇಳಲು ಅವಳು ಬಾಗಿದಾಗ ಅಕ್ಕ ಅವಳ ಕತ್ತು ಹಿಡಿದು ಹತ್ತಿರಕ್ಕೆಳೆದಳು. ಉಸಿರಿನಲ್ಲಿ ಮುಗ್ಗಲು ವಾಸನೆಯಿತ್ತು.

“ನೀನು ಎರಡು ಗಂಟು ಬಿಚ್ಚಿದ್ದೆ,” ಎಂದಳು ಜ್ಯೋತಿ, ಪಿಸುದನಿಯಲ್ಲಿ. “ಎರಡನ್ನೂ ವಾಪಸ್ ಹಾಕಿದ್ಯಾ?”