ಸಂಬಂಧಕ್ಕೊಂದು ಮಹಾಪ್ರಾಣ

ನನ್ನ ಬೆನ್ನು ಮೆಟ್ಟಿಲ ಕಂಬಿಯ ಮೇಲೆ ಬಿಲ್ಲಿನಂತೆ ಬಾಗಿತ್ತು. ತಲೆ ಆಚೆ, ಕಾಲು ಈಚೆ.

ನಾಲ್ಕನೇ ಮಹಡಿ. ಕೆಳಗೆ ಸಿಮೆಂಟ್ ನೆಲ.

ಅವನ ಎರಡೂ ಕೈಗಳು ನನ್ನ ಕತ್ತಿನ ಮೇಲಿದ್ದವು.

"ಪೆನ್ ಡ್ರೈವ್ ಕೊಡು."

"ಕೊಡದಿದ್ರೆ?"

"ನೀನು ಕೆಳಗೆ ಬಿದ್ಮೇಲೆ ನಾನೇ ಹೋಗಿ ತಗೋತೀನಿ."

ಮಾತಿನಲ್ಲಿ ನ್ಯಾಯವಿತ್ತು.

ಹನ್ನೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ. ಆಮೇಲೆ ಸ್ವಂತ ಪತ್ತೇದಾರಿ. ಚಾಕು ಕಂಡಿದ್ದೇನೆ, ಪಿಸ್ತೂಲು ಕಂಡಿದ್ದೇನೆ. ಒಂದು ಕಾಗುಣಿತದ ತಪ್ಪಿಗಾಗಿ ಪ್ರಾಣ ಬಾಯಿಗೆ ಬಂದದ್ದು ಅದೇ ಮೊದಲು.

ಇದೆಲ್ಲ ಶುರುವಾದದ್ದು ಮೂರು ದಿನ ಮೊದಲು...

ಆ ಹೆಂಗಸು ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ನನ್ನ ಆಫೀಸಿಗೆ ಬಂದಿದ್ದಳು. ಎಕ್ಸ್-ರೇ ತೆಗೆಯುವ ಕೆಲಸ. ಕುರ್ಚಿಯ ತುದಿಯಲ್ಲಿ ಕೂತಳು.

"ಅಪ್ಪ ನನ್ನನ್ನ ಮನೆಯೊಳಗೆ ಬಿಡ್ತಿಲ್ಲ, ಮೇಡಂ."

"ಜಗಳವಾ?"

"ಇಲ್ಲ. ಅವರಿಗೆ ಮರೆವಿನ ಕಾಯಿಲೆ."

ಅಪ್ಪ ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವರು. ನಾಲ್ಕು ವರ್ಷದ ಹಿಂದೆ ಮರೆವು ಶುರುವಾದಾಗ ತಾವೇ ಕಂಪ್ಯೂಟರಿನಲ್ಲಿ ಒಂದು ವಿಕಿ ಮಾಡಿಕೊಂಡರು. ತಮ್ಮೊಬ್ಬರಿಗಾಗಿ. ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಮಾತ್ರೆ, ಬೀಗದ ಕೈ, ಹಾಲಿನವನು, ಮಗಳು. ಒಂದು ಪುಟದಲ್ಲಿರುವ ಹೆಸರನ್ನು ಒತ್ತಿದರೆ ಆ ಹೆಸರಿನ ಪುಟ ತೆರೆಯುತ್ತದೆ. ಬಣ್ಣವಿಲ್ಲ, ಚಿತ್ರವಿಲ್ಲ, ಬರಿಯ ಅಕ್ಷರ. ದಿನಾ ಎದ್ದ ಕೂಡಲೇ ಓದಿಕೊಂಡರೆ ಆ ದಿನ ನಡೆಯುತ್ತದೆ.

"ನನ್ನ ತಲೆ ಅದರೊಳಗಿದೆ, ಇದು ಬರೀ ಬಾಚ್ಕೊಳ್ಳೋಕೆ ಅಂತಿದ್ರು." ಅವಳು ನಗಲು ನೋಡಿದಳು, ಆಗಲಿಲ್ಲ. "ಹೋದ ಭಾನುವಾರ ಬಾಗಿಲು ತೆಗೆದು, ಯಾರು ಬೇಕಿತ್ತು ಅಂದ್ರು. ನಿಮ್ಮ ಮಗಳು ಅಂದೆ. ಇರಿ ಅಂತ ಒಳಗೆ ಹೋಗಿ ಓದ್ಕೊಂಡು ಬಂದ್ರು. 'ನಿನಗೂ ನನಗೂ ಸಂಬಂಧ ಇಲ್ಲವಂತೆ ಕಣಮ್ಮಾ' ಅಂತ ಬಾಗಿಲು ಹಾಕಿದ್ರು."

ಇಲ್ಲವಂತೆ... ಪಕ್ಕದ ಬೀದಿಯ ಸುದ್ದಿ ಹೇಳಿದ ಹಾಗೆ.

"ಮನೇಲಿ ಇನ್ಯಾರಿದ್ದಾರೆ?"

"ಚಿಕ್ಕಪ್ಪನ ಮಗ. ಅಮ್ಮ ಹೋದ್ಮೇಲೆ ನಾನು ನೋಡ್ಕೋತೀನಿ ಅಂತ ಬಂದು ಸೇರ್ಕೊಂಡ. ಸೋಮವಾರ ಫ್ಲ್ಯಾಟು ಅವನ ಹೆಸರಿಗೆ ರಿಜಿಸ್ಟರ್ ಆಗುತ್ತಂತೆ. ಆಮೇಲೆ ಅಪ್ಪನ್ನ ಎಲ್ಲಿ ಬಿಟ್ಟು ಬರ್ತಾನೋ."

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಹೊರಗೆ ಹೋದದ್ದನ್ನು ನೋಡಿ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಯಜಮಾನರೇ, ಅವಳ ಅಪ್ಪ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು.

"ಕಂಪ್ಯೂಟರ್ ಸರ್ವಿಸ್, ಸಾರ್."

"ನಾನು ಕರೆಸಿದ್ನಾ?"

"ಹೌದು, ಸಾರ್."

"ಹಾಗಾದ್ರೆ ಬನ್ನಿ."

ಅವರಿಗೆ ಸುಳ್ಳು ಹೇಳುವುದು ಅಷ್ಟು ಸುಲಭವಿತ್ತು. ನನಗೆ ನಾಚಿಕೆಯಾಯಿತು.

'ಮಗಳು' ಪುಟ ತೆರೆದೆ. ಆ ಸಾಫ್ಟ್‌ವೇರು ತಿದ್ದಿದಾಗಲೆಲ್ಲ ಹಳೆಯ ಪ್ರತಿಯನ್ನು ತಾರೀಖು ಸಮೇತ ಎತ್ತಿಡುತ್ತದೆ. ಹಿಂದಿನವನ್ನು ತೆಗೆದು ನೋಡಿದೆ. ಮೂರಿದ್ದವು.

ಮೊದಲನೆಯದು: 'ಭಾನುವಾರ ಬರುತ್ತಾಳೆ. ಬಾಗಿಲು ಬೇಗ ತೆಗೆಯಬೇಕು. ಅವಳಿಗೆ ಕಾಯುವುದೆಂದರೆ ಆಗದು.'

ಎರಡನೆಯದು, ಅಷ್ಟನ್ನೂ ಅಳಿಸಿ: 'ಮಗಳಿಗೂ ನನಗೂ ಸಂಬಂದ ಇಲ್ಲ. ಒಳಗೆ ಬಿಡಬಾರದು.'

ಸಂಬಂದ. ಮಹಾಪ್ರಾಣವಿಲ್ಲದ ದ. ಮೂವತ್ತೆಂಟು ವರ್ಷ ಪ್ರೂಫ್ ನೋಡಿದ ಕೈ ಇದನ್ನು ಬರೆಯುವುದಿಲ್ಲ.

ಮೂರನೆಯದು ಮರುದಿನ ಬೆಳಿಗ್ಗೆ ಆರಕ್ಕೆ. ಬದಲಾದದ್ದು ಒಂದೇ ಅಕ್ಷರ. ದ ಹೋಗಿ ಧ ಬಂದಿತ್ತು.

ಅದು ಅವರದೇ ಕೈ. ಸುಳ್ಳಿನ ಕಾಗುಣಿತ ತಿದ್ದಿದ್ದರು. ಸುಳ್ಳನ್ನು ನಂಬಿದ್ದರು.

"ಏನಾದ್ರೂ ತಪ್ಪಿದೆಯಾ?" ಹಿಂದಿನಿಂದ ಕೇಳಿದರು.

"ಇದೆ, ಸಾರ್. ಸರಿ ಹೋಗುತ್ತೆ."

ಬರಿಯ ಅಕ್ಷರಗಳಲ್ಲವೇ? ನಾಲ್ಕು ವರ್ಷದ ಬದುಕು ಸೀನುವಷ್ಟರಲ್ಲಿ ಪೆನ್ ಡ್ರೈವಿಗೆ ಇಳಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಕೀಲಿ ತಿರುಗಿತು.

ಅವನು ಸ್ಕ್ರೀನ್ ನೋಡಿದ. ನನ್ನನ್ನು ನೋಡಿದ. ಕುರ್ಚಿಯನ್ನು ಅವನ ಕಾಲಿಗೆ ತಳ್ಳಿ ಓಡಿದೆ. ಮೆಟ್ಟಿಲ ಬಳಿ ಕೂದಲು ಅವನ ಕೈಗೆ ಸಿಕ್ಕಿತು...

ಹಾಗೆ ಕಂಬಿಯ ಮೇಲೆ ಬಂದೆ.

ಕಣ್ಣು ಕತ್ತಲೆಗಟ್ಟುತ್ತಿತ್ತು. ಯಜಮಾನರು ಬಾಗಿಲಿಗೆ ಬಂದರು.

"ಏನಪ್ಪಾ ಇದು ಗಲಾಟೆ?"

"ಕಳ್ಳಿ ಇವಳು, ದೊಡ್ಡಪ್ಪ. ನೀವು ಒಳಗೆ ಹೋಗಿ."

"ಸಾರ್... ಇವನು ನನ್ನ ಕೊಲ್ತಿದ್ದಾನೆ."

ಇಬ್ಬರ ಮುಖವನ್ನೂ ನೋಡಿದರು. ಹಣೆ ಒತ್ತಿಕೊಂಡರು.

"ಒಂದ್ನಿಮಿಷ ಹಾಗೇ ಇರಿ. ಯಾರನ್ನ ನಂಬಬೇಕು ಅಂತ ಬರೆದಿಟ್ಟಿದ್ದೀನಿ. ನೋಡ್ಕೊಂಡು ಬರ್ತೀನಿ."

ಹೊರಟೇಬಿಟ್ಟರು.

ಅವನು ಬೆಚ್ಚಿ ಅತ್ತ ತಿರುಗಿದ. ಅಷ್ಟು ಸಾಕಿತ್ತು. ನನ್ನ ಮೊಣಕಾಲು ಹೋಗಬೇಕಾದ ಜಾಗಕ್ಕೆ ಹೋಯಿತು. ಅವನು ಹನ್ನೊಂದು ಮೆಟ್ಟಿಲು ಉರುಳಿದ. ಮಣಿಕಟ್ಟು ಮುರಿಯಿತು.

ರಿಜಿಸ್ಟ್ರೇಷನ್ ನಿಂತಿತು. ಕೊಲೆ ಯತ್ನದ ಕೇಸಿಗೆ ನನ್ನ ಕತ್ತಿನ ಮೇಲಿನ ಬೆರಳ ಗುರುತೇ ಸಾಕ್ಷಿ.

ಸ್ಟೇಷನ್ನಿನಲ್ಲಿ ಅವನು ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಹೇಳಿದ:

"'ಹೆಂಡತಿ' ಅಂತ ಒಂದು ಪುಟ ಇದೆ, ಮೇಡಂ. ಅದನ್ನೂ ನಾನೇ ತಿದ್ದಿದ್ದು. ಅದೊಂದನ್ನ ಮುಟ್ಬೇಡಿ."

"ಅದ್ರಲ್ಲಿ ಇನ್ನೇನು ಮುಚ್ಚಿಟ್ಟಿದ್ದೀಯ?"

ಅವನು ಗೋಡೆಯ ಕಡೆ ತಿರುಗಿಕೊಂಡ.

ಮರುದಿನ ಮಗಳೂ ನಾನೂ ಕಂಪ್ಯೂಟರಿನ ಮುಂದೆ ಕೂತೆವು. 'ಮಗಳು' ಪುಟದ ಮೊದಲ ಪ್ರತಿಯನ್ನು ವಾಪಸು ತಂದೆ. ಅಪ್ಪ ಓದಿದರು. ಎದ್ದು ಬಂದು ಅವಳ ಕೆನ್ನೆ ಮುಟ್ಟಿದರು.

"ತುಂಬ ಹೊತ್ತು ಬಾಗಿಲಲ್ಲೇ ನಿಲ್ಲಿಸಿಬಿಟ್ನೇನಮ್ಮ?"

ಅವಳು ಆ ಕೈಯನ್ನು ಕೆನ್ನೆಗೇ ಒತ್ತಿ ಹಿಡಿದಳು.

'ಹೆಂಡತಿ' ಪುಟದಲ್ಲಿ ಎರಡೇ ವಾಕ್ಯ. 'ತಂಗಿ ಮನೆಗೆ ಹೋಗಿದ್ದಾಳೆ. ಶುಕ್ರವಾರ ಬರುತ್ತಾಳೆ.'

"ಇದ್ರಲ್ಲೂ ಸುಳ್ಳು. ಅಮ್ಮ ಹೋಗಿ ಒಂದೂವರೆ ವರ್ಷ ಆಯ್ತು," ಎಂದಳು ಮಗಳು.

ನಿಜವಿದ್ದ ಪ್ರತಿಯನ್ನು ತಂದು ಕೂರಿಸಿದೆ. ಕೆಲಸ ಮುಗಿಸಿದ ಹೆಮ್ಮೆಯಿಂದ ಮನೆಗೆ ಹೋದೆ.

ನಾಲ್ಕನೇ ದಿನ ಫೋನ್ ಬಂತು.

"ಮೇಡಂ... ಅಪ್ಪಂಗೆ ಇವತ್ತೂ ಅಮ್ಮ ಸತ್ಲು."

"ಅಂದ್ರೆ?"

"ನಿನ್ನೆಯೂ ಸತ್ತಿದ್ಲು. ಮೊನ್ನೆಯೂ. ದಿನಾ ಬೆಳಿಗ್ಗೆ ಓದ್ತಾರೆ. ದಿನಾ ಆಗಷ್ಟೇ ಗೊತ್ತಾಗುತ್ತೆ."

ಹೋದೆ. ಯಜಮಾನರು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಹೆಂಡತಿಯ ಕನ್ನಡಕದ ಡಬ್ಬಿ ಮುಷ್ಟಿಯಲ್ಲಿತ್ತು.

"ನನಗೆ ಯಾರೂ ಹೇಳಲೇ ಇಲ್ವಲ್ಲ," ಎಂದರು. "ನಿಮಗೆ ಗೊತ್ತಿತ್ತಾ?"

ಪೊಲೀಸ್ ಕೆಲಸದಲ್ಲಿ ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಿದ್ದೇನೆ. ಒಬ್ಬನೇ ಮನುಷ್ಯನಿಗೆ ಮೂರು ಸಲ ಮುಟ್ಟಿಸಿರಲಿಲ್ಲ.

ಮಗಳು ಕೀಬೋರ್ಡಿನ ಮುಂದೆ ಕೂತಳು. ಬೆರಳು ಏಳಲಿಲ್ಲ.

"ನೀವೇ ಬರೀರಿ, ಮೇಡಂ."

ಬರೆದೆ. ತಂಗಿ ಮನೆ, ಶುಕ್ರವಾರ. ಯಾವ ಶುಕ್ರವಾರ ಎಂದು ಬರೆಯಲಿಲ್ಲ.

ಈ ಸಾಲನ್ನು ಮೊದಲು ಬರೆದವನು ಜೈಲಿನಲ್ಲಿದ್ದಾನೆ. ಎರಡನೇ ಸಲ ಬರೆದವಳಿಗೆ ಮಗಳು ಕಾಫಿ ಮಾಡಿಕೊಟ್ಟಳು.